ತಾತನಿಗೆ ಪಕ್ಕ ಇಲ್ಲ

ಗುರುವಾರ, ಮಾರ್ಚ್ 12

ಪ್ರೀತಿಯ ಅಕ್ಕನಿಗೆ,

ಈ ಕಾಗದದಲ್ಲಿ ಒಂದು ವಿಷಯವನ್ನು ಬಿಟ್ಟು ಬರೆಯಬೇಕೆಂದಿದ್ದೆ. ಹಾಗೆ ಬರೆದೂ ಆಗಿತ್ತು, ಹೋದ ವಾರವೇ. ಮಕ್ಕಳ ಪರೀಕ್ಷೆ, ಅಪ್ಪನ ಮಂಡಿ ನೋವು, ಬಚ್ಚಲಿನ ನಲ್ಲಿ ರಿಪೇರಿ, ನೀನು ಮೇ ತಿಂಗಳಲ್ಲಿ ಬರುವಾಗ ತರಬೇಕಾದ ಚಪ್ಪಲಿಯ ಅಳತೆ. ಲಕೋಟೆ ಅಂಟಿಸುವ ಮೊದಲು ಒಮ್ಮೆ ಓದಿ ನೋಡಿದೆ. ಒಂದೊಂದು ಸಾಲೂ ನಿಜ, ಒಟ್ಟು ಕಾಗದ ಮಾತ್ರ ಸುಳ್ಳು ಅನ್ನಿಸಿತು. ಹರಿದು ಹಾಕಿದೆ. ಹರಿದದ್ದನ್ನು ನಿನ್ನ ಗಿರಗಿಟ್ಲೆ, ನನ್ನ ಚಿಕ್ಕವಳು, ಬುಟ್ಟಿಯಿಂದ ಆರಿಸಿ ನೀರಿನಲ್ಲಿ ನೆನೆಹಾಕಿದ್ದಾಳೆ, ಪೇಪರ್ ಮುದ್ದೆ ಮಾಡಲು ಬೇಕಂತೆ. ನಮ್ಮ ಮನೆಯಲ್ಲಿ ಈಗ ಏನನ್ನೂ ಎಸೆಯುವ ಹಾಗಿಲ್ಲ. ಬರೆಯುವುದು ಇಷ್ಟು ತಡವಾಗಿದ್ದಕ್ಕೆ ಬೈಯಬೇಡ. ಬೈಯಲು ಮುಂದೆ ಬೇಕಾದಷ್ಟು ಇದೆ.

ಬಿಡಬೇಕೆಂದಿದ್ದ ವಿಷಯ ಅಪ್ಪನ ಕಣ್ಣು. ಅದಕ್ಕೂ ನಿನ್ನ ಕಣ್ಣಿಗೂ ಸಂಬಂಧ ಇದೆ. ಇಷ್ಟನ್ನು ಮೊದಲೇ ಬರೆದುಬಿಟ್ಟರೆ ಆಮೇಲೆ ನಾನು ಹಿಂದೆ ಸರಿಯಲಾರೆ ಅಂತ ಬರೆದಿದ್ದೇನೆ. ನೀನು ಡ್ಯೂಟಿಗೆ ಗಾಡಿ ಹತ್ತುವ ಮುಂಚೆ ಇದನ್ನು ಓದಬೇಡ. ಇಳಿದು ಮನೆಗೆ ಬಂದು, ಕೈಕಾಲು ತೊಳೆದು ಓದು.

ಫೋನಿನಲ್ಲಿ ಹೇಳಬಹುದಿತ್ತಲ್ಲ ಅನ್ನುತ್ತೀ. ನಮ್ಮ ಭಾನುವಾರದ ಫೋನು ಗೊತ್ತಲ್ಲ, ಸ್ಪೀಕರ್ ಹಾಕಿ ಹಜಾರದ ನಡುವೆ ಇಟ್ಟು ಎಲ್ಲರೂ ಸುತ್ತ ಕೂರುತ್ತೇವೆ. ನೀನೋ ಹತ್ತು ಊರಿಗೆ ಕೇಳುವ ಹಾಗೆ ಮಾತಾಡುತ್ತೀ. ಒಂದು ಸಲ ನಾನು ನಮ್ಮ ಗಾರ್ಮೆಂಟ್ಸ್ ಕಾರ್ಖಾನೆಯಿಂದ ಮಾಡಿದ್ದೆ, ನೆನಪಿದೆಯಾ? ನಿನ್ನ ಹಿಂದೆ ಹಾರ್ನು, ಯಾರೋ “ಮೇಡಂ, ಹೊರಡಿ ಹೊರಡಿ” ಅಂತ ಕೂಗುತ್ತಿದ್ದ. ನೀನು, “ಬೇಗ ಹೇಳೇ, ಗಾಡಿ ತೆಗೀಬೇಕು” ಅಂದೆ. ಬಸ್ಸಿನ ತುಂಬ ಜನರನ್ನು ಕೂರಿಸಿಕೊಂಡು ಹೊರಟವಳಿಗೆ ಇದನ್ನು ಹೇಗೆ ಹೇಳಲಿ? “ಏನಿಲ್ಲ, ಸುಮ್ಮನೆ ಮಾಡಿದೆ” ಅಂದೆ. “ಸುಮ್ಮನೆ ಫೋನ್ ಮಾಡೋಳಲ್ಲ ನೀನು” ಅಂದು ನೀನು ಇಟ್ಟುಬಿಟ್ಟೆ. ಸರಿಯಾಗಿಯೇ ಅಂದಿದ್ದೆ.

ಈಗ ಕ್ಯಾಂಟೀನಿನ ಮೂಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಎರಡು ಸಾಲಿಗೊಮ್ಮೆ ಎದ್ದು ನೀರು ಕುಡಿದು ಬರುತ್ತೇನೆ. ಎದುರಿನ ಹುಡುಗಿ, “ಮೇಡಂ, ಹೊಟ್ಟೆ ಸರಿ ಇಲ್ವಾ?” ಅಂತ ಕೇಳಿದಳು.

ಅಪ್ಪ ಮತ್ತು ಹುಡುಗಿಯರ ಆಟಿಕೆ ಕಾರ್ಖಾನೆಯ ವಿಷಯ ನಿನಗೆ ಅರ್ಧ ಗೊತ್ತು. ದೊಡ್ಡವಳನ್ನು ಅಪ್ಪ ಈಗ ಹೆಸರು ಹಿಡಿದು ಕರೆಯುವುದೇ ಇಲ್ಲ, ಹೆಡ್‌ಮಿಸ್ಸು. ಹತ್ತು ವರ್ಷಕ್ಕೆ ಆ ದರ್ಪ ಎಲ್ಲಿಂದ ಬಂತೋ. (ನಿನ್ನಿಂದ ಅಂತ ಅಪ್ಪನ ಅಭಿಪ್ರಾಯ.) ಚಿಕ್ಕವಳು ಆರು ತುಂಬಿದರೂ ನಿಂತಲ್ಲಿ ನಿಲ್ಲುವುದಿಲ್ಲ, ಅದಕ್ಕೇ ಗಿರಗಿಟ್ಲೆ. ಶಾಲೆ ಬಿಟ್ಟ ಮೇಲೆ ಮೂವರೂ ಪಾರ್ಕಿಗೆ ಹೋಗುತ್ತಾರೆ. ಬರುವಾಗ ಚೀಲದ ತುಂಬ ತರಗೆಲೆ, ಒಣಗಿ ಬಾಯಿಬಿಟ್ಟ ಕಾಯಿ, ಹಕ್ಕಿಯ ಗರಿ, ಒಂದೊಂದು ದಿನ ಯಾರೋ ಬಿಸಾಡಿದ ಶೂ ಡಬ್ಬ. ನಾನು ನಮ್ಮ ಚೆಕಿಂಗ್ ವಿಭಾಗದಿಂದ ಬಟ್ಟೆ ಚೂರು, ಖಾಲಿ ದಾರದ ಕೋನು ತರುತ್ತೇನೆ. ನಮ್ಮವರಿಗೆ ಸೋಫಾದ ಮೇಲೆ ಜಾಗ ಇಲ್ಲ. ಮೊನ್ನೆ ನೋಡದೆ ಮೊಟ್ಟೆ ಟ್ರೇಯ ಮೇಲೆ ಕೂತು ಹೆಡ್‌ಮಿಸ್ಸಿನಿಂದ ಬೈಸಿಕೊಂಡರು. “ಈ ಮನೇಲಿ ಯಾವ ಕೆಲಸಕ್ಕೂ ಬಾರದ ವಸ್ತು ಅಂದ್ರೆ ನಾನೊಬ್ನೇ” ಅಂದರು. ಗಿರಗಿಟ್ಲೆ ಅವರನ್ನು ಮೇಲಿಂದ ಕೆಳಗೆ ನೋಡಿ, “ಅಪ್ಪನ ಬೆಲ್ಟು ಬರತ್ತೆ” ಅಂದಳು.

ಗೂಬೆ ಆಯಿತು, ಮೊಸಳೆ ಆಯಿತು, ಈಗ ಬಸ್ಸು. ನಿನಗಾಗಿ. ನೀನು ಬಂದಾಗ ಕೊಡಲು ಗುಟ್ಟಾಗಿ ಮಾಡುತ್ತಿದ್ದಾರೆ, ಗೊತ್ತಿಲ್ಲದ ಹಾಗೆ ನಟಿಸು. ಬೆಕ್ಕು ಮಲಗುವಷ್ಟು ದೊಡ್ಡದು. ಅಪ್ಪ ಪ್ರೆಸ್ಸಿನಲ್ಲಿ ಪುಸ್ತಕಕ್ಕೆ ರಟ್ಟು ಕೊಯ್ಯುತ್ತಿದ್ದ ಹಾಗೆಯೇ ಅಳೆದು, ಮಡಿಸುವ ಕಡೆ ಅರ್ಧ ಆಳಕ್ಕೆ ಮಾತ್ರ ಚಾಕು ಎಳೆದು, ಒಂದು ಅಂಚೂ ಸುಕ್ಕಾಗದ ಹಾಗೆ ಕೂರಿಸಿದ್ದಾನೆ. ಉಪ್ಪಿನ ಡಬ್ಬದ ಮುಚ್ಚಳಗಳೇ ಚಕ್ರ. ಮೊಟ್ಟೆ ಟ್ರೇಯ ಗುಳಿಗಳೇ ಸೀಟು. ಒಣ ಕಾಯಿಗಳಿಗೆ ಬಟ್ಟೆ ಚೂರು ಸುತ್ತಿ ಜನರನ್ನು ಮಾಡಿದ್ದಾರೆ. ಒಬ್ಬಾಕೆ ಸೀಟು ಸಿಗದೆ ನಿಂತೇ ಇದ್ದಾಳೆ, ಅವಳು ನಾನಂತೆ. ಡ್ರೈವರ್ ನೀನು, ದಾರದ ಕೋನು. ಗಿರಗಿಟ್ಲೆ ಅದಕ್ಕೆ ಮೀಸೆ ಬರೆದಿದ್ದಾಳೆ. “ಡ್ರೈವರ್‌ಗೆ ಮೀಸೆ ಇರತ್ತೆ” ಅಂತ ಹಠ. ಅಪ್ಪ, “ಇರಲಿ ಬಿಡು, ದೊಡ್ಡಮ್ಮ ಬಂದಾಗ ನೀನೇ ಉತ್ತರ ಕೊಡು” ಅಂದ.

ನಗು ಬರುವಾಗಲೇ ಹೇಳಿಬಿಡುತ್ತೇನೆ.

ಒಂದು ಶನಿವಾರ ಮೂವರೂ ನೆಲದ ಮೇಲೆ ಕೂತಿದ್ದರು. ಅಪ್ಪನ ಮುಂದೆ ಸೀಮೆಸುಣ್ಣದಲ್ಲಿ ಬರೆದ ಒಂದು ದೊಡ್ಡ ವೃತ್ತ. ಬಸ್ಸು, ಅಂಟಿನ ಬಟ್ಟಲು, ಕತ್ತರಿ, ದಬ್ಬಣ ಎಲ್ಲವೂ ಅದರೊಳಗೆ. ಆ ಗೆರೆಯನ್ನು ದಿನವೂ ನೋಡುತ್ತಿದ್ದೆ, ಮಕ್ಕಳ ಆಟ ಅಂದುಕೊಂಡು ಸುಮ್ಮನಿದ್ದೆ. ಅಪ್ಪ ಸೂಜಿಗೆ ದಾರ ಪೋಣಿಸುತ್ತಿದ್ದ. ಮೊದಲ ಸಲಕ್ಕೇ ಹೋಯಿತು. ನಾನು ಟೀ ತಂದೆ. ಅಷ್ಟರಲ್ಲಿ ಒಳಗೆ ಕುಕ್ಕರ್ ಕೂಗಿತು. ಲೋಟವನ್ನು ಅಪ್ಪನ ಬಲಗೈ ಪಕ್ಕದಲ್ಲಿ, ಗೆರೆಯ ಆಚೆ ಇಟ್ಟು ಎದ್ದೆ. ಅಪ್ಪ ದಾರ ಎಳೆಯಲು ಮೊಣಕೈ ಅಗಲಿಸಿದ. ಲೋಟ ಉರುಳಿತು. ಬಿಸಿ ಟೀಯೆಲ್ಲ ಬಸ್ಸಿನ ಒಂದು ಮಗ್ಗುಲಿಗೆ ಹರಿದು ರಟ್ಟು ಉಬ್ಬಿಕೊಂಡಿತು.

“ಅಮ್ಮಾ! ಗೆರೆ ಆಚೆ ಯಾಕಿಟ್ಟೆ? ಅಷ್ಟೂ ಗೊತ್ತಾಗಲ್ವಾ?” ಹೆಡ್‌ಮಿಸ್ಸು ನನ್ನ ಮೇಲೆ ಹಾರಿದಳು.

“ಪಕ್ಕದಲ್ಲೇ ಇಟ್ಟಿದ್ನಲ್ಲೇ. ತಾತ ನೋಡ್ಕೋಬೇಕಪ್ಪ.”

“ತಾತನಿಗೆ ಪಕ್ಕ ಇಲ್ಲ ಅಮ್ಮ” ಅಂದಳು ಗಿರಗಿಟ್ಲೆ. ತಾತನಿಗೆ ಹಲ್ಲಿಲ್ಲ ಅಂದಷ್ಟು ಸಲೀಸಾಗಿ. “ಮುಂದೆ ಮಾತ್ರ ಇದೆ.”

ಹೆಡ್‌ಮಿಸ್ಸು ಅವಳ ಬಾಯಿಗೆ ಕೈ ಅಡ್ಡ ಹಿಡಿದಳು. ಅಪ್ಪ ಒದ್ದೆ ರಟ್ಟನ್ನು ಒತ್ತಿ ಒತ್ತಿ ಒರೆಸುತ್ತ, “ಹೋಗ್ಲಿ ಬಿಡ್ರೋ, ನಮ್ ಬಸ್ಸಿಗೂ ಒಂದು ಆಕ್ಸಿಡೆಂಟ್ ಆದ ಹಾಗಾಯ್ತು” ಅಂದ. ಅಂದವನೇ ಮುಖ ಆಚೆ ತಿರುಗಿಸಿಕೊಂಡ. ಅದು ನನಗೆ ಸರಿ ಕಾಣಲಿಲ್ಲ.

ಸಂಜೆ ತಲೆ ಬಾಚುವಾಗ ಹೆಡ್‌ಮಿಸ್ಸಿನಿಂದ ಒಂದೊಂದೇ ಮಾತು ಬಿಡಿಸಿಕೊಂಡೆ. ಗೆರೆಯೊಳಗೆ ಇಟ್ಟದ್ದು ಮಾತ್ರ ತಾತನಿಗೆ ಕಾಣುತ್ತದೆ ಅಂತ ಅದನ್ನು ಬರೆದದ್ದಂತೆ. ಪಾರ್ಕಿನಲ್ಲಿ ತಾತ ಎದುರಿಗೆ ಬಿದ್ದ ಸಾಸಿವೆಯಷ್ಟು ಬೀಜ ಆರಿಸುತ್ತಾನಂತೆ, ಪಕ್ಕದ ಬೆಂಚಿಗೆ ಡಿಕ್ಕಿ ಹೊಡೆಯುತ್ತಾನಂತೆ. ಅವರಿಬ್ಬರೂ ಅದನ್ನು ಮೊದಲು ಆಟ ಅಂದುಕೊಂಡು, ಯಾವ ಕಡೆಯಿಂದ ಬಂದರೆ ತಾತನಿಗೆ ಕಾಣುವುದಿಲ್ಲ ಅಂತ ಹುಡುಕಿದ್ದಾರೆ. ಎರಡೂ ಕಡೆಯಿಂದ. ಆಮೇಲೆ ಆಟ ಬಿಟ್ಟು ಕೆಲಸ ಹಂಚಿಕೊಂಡಿದ್ದಾರೆ. “ನಾನು ಬಲಗಡೆ, ಅವಳು ಎಡಗಡೆ. ರಸ್ತೆ ದಾಟುವಾಗ ಕೈ ಹಿಡ್ಕೋತೀವಿ. ನೋಡಿದೋರು ತಾತ ನಮ್ಮನ್ನ ದಾಟಿಸ್ತಿದಾನೆ ಅಂದ್ಕೋತಾರೆ. ತಾತಂಗೂ ಹಾಗೇ ಇಷ್ಟ.” ನನಗೆ ಹೇಳಬಾರದು ಅಂತ ಅಪ್ಪನೇ ಅವರ ಬಾಯಿ ಕಟ್ಟಿದ್ದನಂತೆ. “ನಿಮ್ಮಮ್ಮಂಗೆ ಗೊತ್ತಾದ್ರೆ ಚಾಕು ಕಿತ್ಕೋತಾಳೆ” ಅಂತ.

ಅಪ್ಪ ನನ್ನನ್ನು ಚೆನ್ನಾಗಿಯೇ ಬಲ್ಲ. ಆ ಹೊತ್ತಿಗಾಗಲೇ ಚಾಕು ಅಲ್ಮೇರಾದ ಮೇಲಿತ್ತು.

ಗಂಟೆ ಹೊಡೆಯಿತು. ಉಳಿದದ್ದು ನಾಳೆ.

ಶುಕ್ರವಾರ

ಇವತ್ತು ಬೇಗ ಬಂದೆ. ಇನ್ನೂ ಯಾರೂ ಬಂದಿಲ್ಲ, ಮೆಷಿನ್‌ಗಳಿಗೆಲ್ಲ ಬಟ್ಟೆ ಹೊದಿಸಿದೆ. ಮನೆಯಲ್ಲಿ ಬರೆಯಲು ಆಗುವುದಿಲ್ಲ. ಬರೆಯುವುದನ್ನು ಕಂಡರೆ “ಯಾರಿಗಮ್ಮ?” ಅಂತ ಒಬ್ಬರಾದ ಮೇಲೆ ಒಬ್ಬರು ಕೇಳುತ್ತಾರೆ.

ಚಾಕು ಎತ್ತಿಟ್ಟ ಎರಡು ದಿನ ನಮ್ಮ ಮನೆ ಮನೆಯ ಹಾಗಿರಲಿಲ್ಲ. ಹುಡುಗಿಯರು ನನ್ನ ಹತ್ತಿರ ಮಾತು ಬಿಟ್ಟರು. ಅಪ್ಪ ಗೆರೆಯ ಮುಂದೆ ಕೈಕಟ್ಟಿ ಕೂತ. ಕೊನೆಗೆ ನನ್ನನ್ನು ಕರೆದು ಎರಡೂ ಅಂಗೈ ಚಾಚಿದ.

“ನೋಡು. ಇಷ್ಟು ದಿನದಲ್ಲಿ ಎಲ್ಲಾದ್ರೂ ಕುಯ್ಕೊಂಡಿದ್ದೀನಾ? ತೋರ್ಸು.”

ಎಲ್ಲೂ ಇರಲಿಲ್ಲ. ಚಾಕು ಆಡುವ ಜಾಗವಷ್ಟೇ ಅವನಿಗೆ ಚೆನ್ನಾಗಿ ಕಾಣುತ್ತದೆ. ಅಪಾಯ ಇರುವುದು ಹೊಸ್ತಿಲಿನಲ್ಲಿ, ಮೆಟ್ಟಿಲಿನಲ್ಲಿ, ರಸ್ತೆಯಲ್ಲಿ. ಅವುಗಳನ್ನು ಎತ್ತಿ ಅಲ್ಮೇರಾದ ಮೇಲೆ ಇಡಲಾಗದೆ ನಾನು ಚಾಕು ಇಟ್ಟಿದ್ದೆ. ತಂದು ಕೊಟ್ಟೆ. “ಆದರೆ ಒಂದು ಮಾತು. ನಾಳೆ ನನ್ನ ಜೊತೆ ಆಸ್ಪತ್ರೆಗೆ ಬರ್ತೀಯ.”

“ನನ್ ಕಣ್ಣಿಗೇನಾಗಿದೆ? ಸೂಜಿ ಪೋಣಿಸ್ತೀನಿ.”

“ತಾತಾ, ಹೋಗು” ಅಂದಳು ಹೆಡ್‌ಮಿಸ್ಸು. ಅಷ್ಟೇ. ಹೊರಟ.

ಅಲ್ಲಿ ಮೊದಲು ಗೋಡೆಯ ಮೇಲಿನ ಅಕ್ಷರ ಓದಿಸಿದರು. ಅಪ್ಪ ಕೊನೆಯ ಸಾಲಿನವರೆಗೂ ಓದಿ, ಸಾಕಾ ಅನ್ನುವ ಹಾಗೆ ನನ್ನ ಕಡೆ ನೋಡಿದ. ನನಗೂ ಒಂದು ಗಳಿಗೆ, ನಾನೇ ಸುಮ್ಮಸುಮ್ಮನೆ ಗಾಬರಿಪಟ್ಟೆನೇನೋ ಅನ್ನಿಸಿತು. ಆಮೇಲೆ ಬೇರೆ ಕೋಣೆಗೆ ಕರೆದೊಯ್ದರು. ಅರ್ಧ ಮಡಕೆಯ ಹಾಗೆ ಒಂದು ದೊಡ್ಡ ಬಿಳಿ ಬಟ್ಟಲು. ಅದರೊಳಗೆ ಮುಖ ಇಟ್ಟು ನಡುವಿನ ಒಂದು ಚುಕ್ಕೆಯನ್ನೇ ನೋಡುತ್ತಿರಬೇಕು. ಸುತ್ತ ಅಲ್ಲೊಂದು ಇಲ್ಲೊಂದು ಸಣ್ಣ ಬೆಳಕು ಮಿನುಗುತ್ತದೆ, ಕಂಡಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ನಾನು ಹೊರಗೆ ಬಾಗಿಲ ಹತ್ತಿರ ನಿಂತಿದ್ದೆ. ಗುಂಡಿಯ ಟಿಕ್ ಸದ್ದಿಗೆ ಕಾಯುತ್ತಿದ್ದೆ. ಎಷ್ಟೋ ಹೊತ್ತು ಸದ್ದೇ ಇಲ್ಲ. ಅಪ್ಪ ನಿದ್ದೆ ಹೋದನೇ ಅಂತ ಇಣುಕಿದೆ. ಇಲ್ಲ, ಬೆನ್ನು ನೆಟ್ಟಗೆ ಮಾಡಿಕೊಂಡು, ಕಣ್ಣು ಬಿಟ್ಟುಕೊಂಡು, ಹೆಬ್ಬೆರಳನ್ನು ಗುಂಡಿಯ ಮೇಲೆ ಇಟ್ಟುಕೊಂಡು ಕಾಯುತ್ತಿದ್ದ. ಬೆಳಕು ಬರುತ್ತಲೇ ಇತ್ತು, ಅವನಿಗೆ ಬರುತ್ತಿರಲಿಲ್ಲ.

ಆಮೇಲೆ ಬಂದ ಹಾಳೆಯಲ್ಲಿ ಎರಡು ಕಪ್ಪು ಚಕ್ರ, ಒಂದೊಂದರ ನಡುವೆ ಒಂದು ಸಣ್ಣ ಬಿಳಿ ತೂತು. ಅಪ್ಪನ ಲೋಕ ಈಗ ಅಷ್ಟೇ ಇರುವುದು. ಆ ತೂತಿನಲ್ಲೇ ಸೂಜಿ ಪೋಣಿಸುತ್ತಾನೆ, ಆ ತೂತಿನಲ್ಲೇ ನಿನ್ನ ಬಸ್ಸು ಕಟ್ಟುತ್ತಿದ್ದಾನೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಒಳ್ಳೆಯವಳು. ಅವಳ ಮೊದಲ ಪ್ರಶ್ನೆಗೆ ನಾನು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಿದ್ದಕ್ಕೋ ಏನೋ, ಎಲ್ಲವನ್ನೂ ನನಗೇ ಇಂಗ್ಲಿಷಿನಲ್ಲಿ ಹೇಳುತ್ತ ಹೋದಳು. ಅಪ್ಪ ನನ್ನ ಬಾಯನ್ನೇ ನೋಡುತ್ತಿದ್ದ. ಚಿಕ್ಕಂದಿನಿಂದ ನಮ್ಮ ಕೆಲಸವೇ ಅದಲ್ಲವೇ, ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ಅಪ್ಪನಿಗೆ ಎಲ್ಲವನ್ನೂ ನಮ್ಮ ಮಾತಿಗೆ ತಿರುಗಿಸಿ ಹೇಳುವುದು. ಅದಕ್ಕೇ ನಮ್ಮನ್ನು ಆ ಶಾಲೆಗೆ ಕಳಿಸಿದ್ದು. ಇದು ಗ್ಲೊಕೋಮಾ ಅಂದಳು. ಕಣ್ಣೊಳಗೆ ಒತ್ತಡ ಹೆಚ್ಚಾಗಿ ನರ ಒಣಗುತ್ತ ಬರುತ್ತದೆ, ನೋವಿರುವುದಿಲ್ಲ, ಪಕ್ಕದ ನೋಟ ಮೊದಲು ಹೋಗುತ್ತದೆ. ಹೋದದ್ದು ವಾಪಸ್ಸು ಬರುವುದಿಲ್ಲ, ಉಳಿದದ್ದನ್ನು ದಿನಾ ಹನಿ ಔಷಧಿ ಹಾಕಿ ಉಳಿಸಿಕೊಳ್ಳಬೇಕು. ಇಷ್ಟನ್ನು ಅಪ್ಪನಿಗೆ ಹೇಳಿದೆ. ಮುಂದಿನದನ್ನು ಹೇಳಲಿಲ್ಲ. ಇದು ರಕ್ತದಲ್ಲಿ ಬರುತ್ತದೆ, ನಿಮ್ಮಲ್ಲಿ ಎಷ್ಟು ಜನ ಮಕ್ಕಳು, ಎಲ್ಲರೂ ಬೇಗ ತೋರಿಸಿಕೊಳ್ಳಿ ಅಂದಿದ್ದಳು. ಆ ಅರ್ಧ ನನ್ನ ಬಾಯಲ್ಲೇ ಉಳಿಯಿತು. ನಮ್ಮಜ್ಜಿ, ಅಪ್ಪನ ಅಮ್ಮ, ಕೊನೆಕೊನೆಗೆ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದಳಲ್ಲ, ನಾವು ವಯಸ್ಸಾಯಿತು ಅಂದುಕೊಂಡಿದ್ದೆವು.

ಬರುವಾಗ ಬಸ್ಸಿನಲ್ಲಿ ಅಪ್ಪನಿಗೆ ಕಿಟಕಿ ಬಿಟ್ಟುಕೊಟ್ಟೆ. ಎರಡು ಸ್ಟಾಪು ದಾಟಿತು. ಆಮೇಲೆ, “ಪೂರ್ತಿ ಹೇಳ್ಲಿಲ್ಲ ನೀನು” ಅಂದ.

“ಹೇಳಿದ್ನಲ್ಲಪ್ಪ. ಒತ್ತಡ, ಹನಿ ಔಷಧಿ...”

“ಡಾಟರ್ಸ್ ಅಂದ್ಲು ಅವಳು. ಎರಡು ಸಲ. ಅಷ್ಟು ಇಂಗ್ಲಿಷು ನಂಗೂ ಬರತ್ತೆ ಕಣಮ್ಮ.” ಕಿಟಕಿಯ ಕಡೆ ತಿರುಗಿ, “ಈ ಮಾತು ನಾನು ಮುಂಚೇನೂ ಕೇಳಿದ್ದೀನಿ.”

ಅಕ್ಕಾ, ಇಲ್ಲಿಂದ ಮುಂದಿನದನ್ನು ಅಪ್ಪ ಹೇಳಿದ ಹಾಗೆಯೇ ಬರೆಯುತ್ತೇನೆ. ನನ್ನದೇನೂ ಸೇರಿಸುವುದಿಲ್ಲ.

ನೀನು ದೊಡ್ಡ ಗಾಡಿಯ ಲೈಸೆನ್ಸಿಗೆ ಓಡಾಡುತ್ತಿದ್ದ ವರ್ಷ ಪ್ರೆಸ್ಸಿಗೆ ಕಣ್ಣು ಪರೀಕ್ಷೆಯವರು ಬಂದಿದ್ದರಂತೆ. ಅಪ್ಪನಿಗೆ ಇದೇ ಕಾಯಿಲೆ ಶುರುವಾಗಿದೆ, ಜೀವಮಾನವಿಡೀ ಔಷಧಿ ಹಾಕಬೇಕು, ಮಕ್ಕಳನ್ನೂ ಕರೆದುಕೊಂಡು ಬಾ ಅಂದಿದ್ದರಂತೆ. “ದೊಡ್ಡವಳಿಗೆ ಡಿಪೋದಿಂದ ಕರೆ ಬಂದಿತ್ತು. ನಿಮ್ಮನೇಲಿ ಯಾರಿಗಾದ್ರೂ ಕಣ್ಣಿನ ಕಾಯಿಲೆ ಇದೆಯಾ ಅಂತ ಅವರು ಕೇಳಿದ್ರೆ? ಗೊತ್ತಿಲ್ದಿದ್ರೆ ಇಲ್ಲ ಅಂತಾಳೆ. ಗೊತ್ತಿದ್ರೆ ಇದೆ ಅಂತಾಳೆ. ಅವಳಿಗೆ ಸುಳ್ಳು ಬರಲ್ಲ.”

“ಔಷಧಿನಾದ್ರೂ ಹಾಕ್ಬಹುದಿತ್ತಲ್ಲಪ್ಪ.”

“ಆಗ ನಿಮ್ಮಮ್ಮ ಇದ್ಲಲ್ಲ, ಬಾಟ್ಲಿ ಮನೇಲಿದ್ರೆ ಕೇಳ್ತಾಳೆ. ನಿಮ್ಮಮ್ಮಂಗೆ ಹೇಳೋದೂ ಮೈಕ್ ಹಿಡಿದು ಹೇಳೋದೂ ಒಂದೇ.”

“ಸರಿ, ಕೆಲಸ ಸಿಕ್ಕ ಮೇಲೆ? ಆಮೇಲೆ ಹೇಳ್ಬಹುದಿತ್ತು.”

“ಆಮೇಲೆ ಅವಳು ಗಾಡಿ ಓಡಿಸ್ತಿದ್ಲು. ಓಡಿಸ್ತಿರೋಳನ್ನ ನಿಲ್ಲಿಸಿ ಹೇಳೋದಾ?”

ಮೈಯೆಲ್ಲ ಉರಿಯುತ್ತಿತ್ತು. ಕೂಗಾಡಬೇಕು ಅನ್ನಿಸಿತು, ಬ್ಯಾಗಿನಲ್ಲಿದ್ದ ಔಷಧಿಯ ಬಾಟಲಿಯನ್ನು ಕಿಟಕಿಯಿಂದ ಆಚೆ ಎಸೆಯಬೇಕು ಅನ್ನಿಸಿತು. ಆದರೆ ಸ್ಟಾಪು ಬಂತು, ಅಪ್ಪ ಎದ್ದ, ಪಕ್ಕದ ಕಂಬಿಗೆ ತಲೆ ಹೊಡೆದುಕೊಳ್ಳುವುದರಲ್ಲಿದ್ದ, ನಾನು ತೋಳು ಹಿಡಿದೆ. ಹಿಡಿದ ಮೇಲೆ ಕೋಪ ಮಾಡಿಕೊಳ್ಳುವುದು ಹೇಗೆ? ಆ ಕೋಪ ಎಲ್ಲಿ ಹೋಯಿತೋ ಇವತ್ತಿಗೂ ಗೊತ್ತಿಲ್ಲ. ಹೋಗಿಲ್ಲ ಅಂತಲೂ ಕಾಣುತ್ತದೆ. ಪಾತ್ರೆ ತೊಳೆಯುವಾಗ ಸದ್ದು ಜಾಸ್ತಿ ಮಾಡುತ್ತೀರಿ ಅಂತ ನಮ್ಮವರು ಎರಡು ಸಲ ಹೇಳಿದರು. ಬಹುವಚನದಲ್ಲಿ, ಭಯಕ್ಕೆ.

ಯೋಚಿಸುತ್ತೇನೆ, ಅಪ್ಪ ಮಾಡಿದ್ದು ನಿನಗೆ ಒಳ್ಳೆಯದಾಯಿತೋ ಕೆಟ್ಟದಾಯಿತೋ? ಆ ಹೊತ್ತು ಗೊತ್ತಾಗಿದ್ದರೆ ನೀನು ಬಸ್ಸು ಹತ್ತುತ್ತಿದ್ದೆಯಾ? ಹೆಂಗಸು ಅಂತ ಡಿಪೋದಲ್ಲಿ ಅವರು ಮೊದಲೇ ನೂರು ಕೊಕ್ಕೆ ಹಾಕಿದ್ದರು, ಇನ್ನೊಂದು ಸಿಕ್ಕಿದ್ದರೆ ಬಿಡುತ್ತಿದ್ದರಾ? ಅಥವಾ ಕಣ್ಣು ಚೆನ್ನಾಗಿದೆ ಅಂತ ತೋರಿಸಿಯೇ ಹತ್ತುತ್ತಿದ್ದೆಯೋ? ಇದರ ಉತ್ತರ ನನಗೆ ಬೇಡ. ಬೇಕಾದದ್ದು ಒಂದೇ.

ನೀನು ಹೋಗಿ ತೋರಿಸಿಕೊಳ್ಳಬೇಕು. ಡಿಪೋದಲ್ಲಿ ವರ್ಷಾವರ್ಷ ನೋಡುತ್ತಾರೆ ಅಂತ ತಳ್ಳಿಹಾಕಬೇಡ. ನೀನೇ ಹೇಳಿದ್ದೆ, ಅಲ್ಲಿ ಅಕ್ಷರ ಓದಿಸುತ್ತಾರೆ, ಬಣ್ಣ ಕೇಳುತ್ತಾರೆ, ಅಷ್ಟೇ ಅಂತ. ಅಕ್ಷರ ಅಪ್ಪನೂ ಓದಿದ. ಕಣ್ಣಿನ ಒತ್ತಡ ನೋಡಿ, ನರ ನೋಡಿ, ಆ ಬಟ್ಟಲಿನ ಫೀಲ್ಡ್ ಟೆಸ್ಟ್ ಮಾಡಿ ಅಂತ ಬಾಯಿಬಿಟ್ಟು ಕೇಳು. ಏನೂ ಇಲ್ಲ ಅಂದರೆ ಒಂದು ದಿನದ ರಜೆ ಹೋಯಿತು ಅಂದುಕೋ. ಇದೆ ಅಂದರೆ, ಅಕ್ಕಾ, ನೀನೇ ಹೇಳುತ್ತಿದ್ದೆಯಲ್ಲ, ಮುಂದೆ ಬರುವವರು ಕಣ್ಣಿಗೆ ಬಿದ್ದೇ ಬೀಳುತ್ತಾರೆ, ಪಕ್ಕದಿಂದ ಓಡಿ ಬರುವ ಮಕ್ಕಳದ್ದೇ ಭಯ ಅಂತ. ನಿನ್ನ ಕೈಯಿಂದ ಸ್ಟೀರಿಂಗ್ ಕಿತ್ತುಕೊಳ್ಳುವ ಕೆಲಸ ನನ್ನಿಂದ ಆಗುತ್ತಿದೆಯೋ ಏನೋ. ಎಷ್ಟು ಹೆಂಗಸರು ನಿನ್ನ ನಂಬರಿನ ಬಸ್ಸಿಗೇ ಕಾದು ಹತ್ತುತ್ತಾರೆ ಅಂತ ನನಗೆ ಗೊತ್ತು. ಆದರೂ ಬರೆಯುತ್ತಿದ್ದೇನೆ.

ಇನ್ನೊಂದು. ನಾನೂ ತೋರಿಸಿಕೊಂಡು ಬಂದೆ, ಬುಧವಾರ ಊಟದ ಬಿಡುವಿನಲ್ಲಿ. ನೋವೇನಿಲ್ಲ, ಗಲ್ಲ ಇಡುವ ಜಾಗ ತಣ್ಣಗಿರುತ್ತದೆ, ಅಷ್ಟೇ. ಹೆದರುವಂಥದ್ದೇನಿಲ್ಲ ಅಂತ ಹೇಳಲು ಬರೆದೆ. ಮಕ್ಕಳಿಗೂ ಮಾಡಿಸಬೇಕಂತೆ, ಮುಂದೆ.

ಅಪ್ಪ ಈಗ ಹೇಗಿದ್ದಾನೆ ಅಂತ ಕೇಳುತ್ತೀ. ದಿನಾ ಸಂಜೆ ಹೆಡ್‌ಮಿಸ್ಸು ಬಾಟಲಿ ಹಿಡಿದು ನಿಲ್ಲುತ್ತಾಳೆ, “ಮೇಲೆ ನೋಡು ತಾತ, ಅಳ್ಳಾಡಿದ್ರೆ ಇನ್ನೊಂದ್ ಹನಿ” ಅಂತ. ಗಿರಗಿಟ್ಲೆ ಬಾಟಲಿ ಖಾಲಿಯಾದ ಮೇಲೆ ಅದು ಯಾರಿಗೆ ಅಂತ ಈಗಲೇ ಜಗಳ ಎತ್ತಿದ್ದಾಳೆ, ಬಸ್ಸಿನ ಡೀಸೆಲ್ ಟ್ಯಾಂಕಿಗೆ ಬೇಕಂತೆ. ಟೀ ಕುಡಿದು ಉಬ್ಬಿದ ಮಗ್ಗುಲನ್ನು ಅಪ್ಪ ಕೊಯ್ದು ತೆಗೆದು ಹೊಸ ರಟ್ಟು ಕೂರಿಸಿದ. ಎಲ್ಲಿ ಸೇರಿಸಿದ ಅಂತ ನನಗೇ ಗೊತ್ತಾಗುವುದಿಲ್ಲ, ಬಟ್ಟೆಯಲ್ಲಿ ತಪ್ಪು ಹೊಲಿಗೆ ಹುಡುಕುವುದೇ ನನ್ನ ಕೆಲಸ ಆಗಿದ್ದರೂ.

ಅಪ್ಪನ ಮೇಲೆ ನಿನಗೆ ಕೋಪ ಬಂದರೆ ಬರಲಿ, ಬೇಡ ಅನ್ನಲು ನಾನು ಯಾರು? ಬಂದು ಎದುರಿಗೆ ಕೂತು ಜಗಳ ಆಡು. ಎದುರಿಗೇ ಕೂರು, ಪಕ್ಕದಲ್ಲಿ ಕೂತರೆ ನಿನ್ನ ಮುಖ ಅವನಿಗೆ ಕಾಣುವುದಿಲ್ಲ. ಹೊಟ್ಟೆ ತುಂಬ ಉಣ್ಣು, ಎರಡು ಟ್ರಿಪ್ಪಿನ ನಡುವೆ ಬಿಸ್ಕತ್ತು ತಿಂದು ಊಟ ಆಯಿತು ಅನ್ನಬೇಡ. ನಮ್ಮವರು ನಿನ್ನನ್ನು ಕೇಳಿದ್ದಾರೆ. ಮಕ್ಕಳ ಮುತ್ತುಗಳು. ಅಪ್ಪನ ಆಶೀರ್ವಾದ ಸದಾ ನಿನ್ನ ಮೇಲಿದೆ, ಅವನು ಹೇಳಿ ಕಳಿಸದಿದ್ದರೂ. ನನಗೂ ನಿನ್ನ ಆಶೀರ್ವಾದ ಬೇಕು. ಈ ಸಲ ಸುಮ್ಮನೆ ಬರೆಯುವ ಮಾತಲ್ಲ.

ಇಂತಿ ನಿನ್ನ ಪ್ರೀತಿಯ,
ತಂಗಿ

ತಾ.ಕ., ಶನಿವಾರ

ಕಾಗದ ಮುಗಿಯಿತು ಅಂದುಕೊಂಡೆ. ಮುಗಿದಿಲ್ಲ. ಮೇಲೆ ನನ್ನ ಪರೀಕ್ಷೆಯ ವಿಷಯ ಬರೆದ ಜಾಗವನ್ನು ಇನ್ನೊಮ್ಮೆ ಓದಿ ನೋಡು. ಒಂದು ಸಾಲೂ ಸುಳ್ಳಲ್ಲ.

ನನಗೂ ಶುರುವಾಗಿದೆ. ಎಡಗಣ್ಣಿನಲ್ಲಿ, ಮೂಗಿನ ಕಡೆಗೆ, ಹಾಳೆಯ ಮೇಲೆ ಬೆರಳು ಒರೆಸಿದಷ್ಟು ಕಪ್ಪು. ಬೇಗ ಬಂದಿರಿ, ಒಳ್ಳೆಯದಾಯಿತು, ಔಷಧಿ ಬಿಡದೆ ಹಾಕಿದರೆ ಇಲ್ಲೇ ನಿಲ್ಲಬಹುದು ಅಂದಳು ಡಾಕ್ಟರಮ್ಮ. ನಾನು ನಂಬಿದ್ದೇನೆ. ನನ್ನ ಸಂಕಟ ಅದಲ್ಲ.

ಬುಧವಾರ ಮನೆಗೆ ಹೋದಾಗ ಅಪ್ಪ ಬಾಗಿಲಲ್ಲೇ ನಿಂತಿದ್ದ. ನಾನು ಚಪ್ಪಲಿ ಬಿಡುವ ಮೊದಲೇ, “ನಿಂದೇನಂದ್ರು?” ಅಂದ. ಬಾಯಿಂದ ತಾನಾಗಿಯೇ ಬಂತು: “ಏನಿಲ್ಲಪ್ಪ, ಚೆನ್ನಾಗಿದೆ ಅಂದ್ರು.” ಒಂದು ಉಸಿರೂ ತಡೆಯಲಿಲ್ಲ. ಅಕ್ಕಾ, ಅಪ್ಪನ ಮುಖ ನೋಡಬೇಕಿತ್ತು. ಗೋಡೆಗೆ ಒರಗಿ ಅಲ್ಲೇ ಕೂತುಬಿಟ್ಟ. ಆಮೇಲೆ ಹುಡುಗಿಯರನ್ನು ಕರೆದು, “ನಿಮ್ಮಮ್ಮನ ಕಣ್ಣು ಬೆಂಕಿ ಕಣ್ರೇ!” ಅಂದ. ಆ ಸಂಜೆ ಬಸ್ಸಿನ ಕಿಟಕಿಗಳನ್ನೆಲ್ಲ ಒಂದೇ ಪಟ್ಟಿಗೆ ಕೂತು ಕೊಯ್ದು ಮುಗಿಸಿದ, ಹಾಡು ಬೇರೆ. ಎಷ್ಟು ವರ್ಷವಾಗಿತ್ತು ಅವನು ಹಾಡಿ.

ನನ್ನ ಬಾಟಲಿ ಕಾರ್ಖಾನೆಯ ಲಾಕರಿನಲ್ಲಿದೆ. ಮನೆಯಲ್ಲಿದ್ದರೆ ಯಾರಾದರೂ ಕೇಳುತ್ತಾರೆ ಅಂತ. ಇದನ್ನು ಬರೆದ ಮೇಲೆ, ಬಸ್ಸಿನಲ್ಲಿ ಅಪ್ಪ ಹೇಳಿದ್ದನ್ನು ಮೇಲೆ ಹುಡುಕಿ ಮತ್ತೆ ಓದಿದೆ.

ಹೇಳಿದರೆ ಅವನು ಏನಂದುಕೊಳ್ಳುತ್ತಾನೆ ಅಂತ ನನಗೆ ಗೊತ್ತು. ಒಬ್ಬ ಮಗಳ ದಾರಿಗೆ ಅಡ್ಡ ಬರಬಾರದು ಅಂತ ಬಾಯಿ ಮುಚ್ಚಿಕೊಂಡು ಇನ್ನೊಬ್ಬಳ ಕಣ್ಣು ಕಳೆದೆ ಅಂದುಕೊಳ್ಳುತ್ತಾನೆ. ಅದು ಪೂರ್ತಿ ಸುಳ್ಳು ಅಂತ ಅವನ ಮುಖ ನೋಡಿ ಹೇಳುವ ಧೈರ್ಯ ನನಗಿಲ್ಲ, ಯಾಕೆಂದರೆ ಪೂರ್ತಿ ಸುಳ್ಳಲ್ಲ. ಹೇಳದಿದ್ದರೆ ಹಾಡುತ್ತಿರುತ್ತಾನೆ. ಬುಧವಾರದಿಂದ ಹಜಾರಕ್ಕೂ ಅಡುಗೆಮನೆಗೂ ನಡುವೆ ಓಡಾಡಿಕೊಂಡಿದ್ದೇನೆ. ಅವನೆದುರು ಕೂರಲು ಆಗುತ್ತಿಲ್ಲ.

ಇದನ್ನು ಓದಿದ ಕೂಡಲೇ ನೀನು ಫೋನ್ ಮಾಡುತ್ತೀ, ಹಜಾರದ ನಡುವೆ ನಿನ್ನ ಗಂಟಲು ಕೇಳುತ್ತದೆ, ಅಪ್ಪ ಅಲ್ಲೇ ಕೂತಿರುತ್ತಾನೆ. ಅಷ್ಟರೊಳಗೆ ಅವನಿಗೆ ಇದು ನನ್ನ ಬಾಯಿಂದಲೇ ಗೊತ್ತಾಗಿರಬೇಕು. ಅದಕ್ಕೇ ಅಂಚೆಗೆ ಹಾಕುವ ದಿನ ಗೊತ್ತುಮಾಡಿ ಇಲ್ಲಿ ಬರೆದುಬಿಡುತ್ತಿದ್ದೇನೆ, ಇಂಕಿನಲ್ಲಿ. ನೀನು ದಿನವೂ ಗಾಡಿ ತೆಗೆಯುತ್ತಿರುವಾಗ ಅದಕ್ಕಿಂತ ಆಚೆಗೆ ತಳ್ಳುವ ಹಕ್ಕು ನನಗಿಲ್ಲ. ಹೇಳಲು ನನಗಿರುವುದು ನಾಳೆಯ ಒಂದು ಭಾನುವಾರ.

ಅಂಚೆಗೆ ಹಾಕುವುದು: ಸೋಮವಾರ, ಮಾರ್ಚ್ 16.